ಕೆಂಪಾದ ಬೆಳ್ಳಿ ನಾಣ್ಯ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಬರೀ ಹೊಟ್ಟೆಕಿಚ್ಚು. ಮೈದುನನನ್ನು ಮದುವೆಯಾಗಿ ಅಕ್ಕಿಹೆಬ್ಬಾಳಿನಿಂದ ಬಂದ ಆರೇ ತಿಂಗಳಿಗೆ ಅತ್ತೆಯ ಬಾಯಲ್ಲಿ ಎತ್ತಿದ್ದಕ್ಕೆಲ್ಲ ಅವಳ ಹೆಸರೇ. ನಾನು ಹನ್ನೊಂದು ವರ್ಷ ಬೆಳಗಿದ ಹಿತ್ತಾಳೆ ಚೊಂಬನ್ನು ಅವಳು ಒಂದೇ ಸಲ ಉಜ್ಜಿದ್ದಕ್ಕೆ, "ನೋಡವ್ವ, ಮಕ ಕಾಣ್ತದೆ" ಅಂದುಬಿಟ್ಟರು. ಅಷ್ಟು ವರ್ಷ ನಾನು ಉಜ್ಜಿದ್ದು ಏನನ್ನೋ, ದೇವರೇ ಬಲ್ಲ.

ಪಾಂಡವಪುರದ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿಯ ಕಳಶದೊಳಗೆ ಐದು ತಾಮ್ರದ ಕಾಸು, ಜೊತೆಗೆ ಅತ್ತೆಯ ತಾಯಿ ಕೊಟ್ಟ ಒಂದು ಬೆಳ್ಳಿ ನಾಣ್ಯ ಹಾಕುತ್ತಾರೆ. ಕಾಸು ಬೆಳಗಿದ ಕೈಯೇ ಕಳಶ ಕೂರಿಸಬೇಕು ಅನ್ನುವುದು ರೂಢಿ. ಅಷ್ಟು ವರ್ಷವೂ ಎರಡನ್ನೂ ಅತ್ತೆಯೇ ಮಾಡುತ್ತಿದ್ದರು. ಆ ವರ್ಷ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂರಲಾಗದೆ, "ಇನ್ಮೇಲೆ ನನ್ ಕೈಲಾಗಕಿಲ್ಲ, ಯಾರಾನ ಒಬ್ರು ಬೆಳಗ್ರವ್ವ" ಅಂದರು. ಅನ್ನುವಾಗ ಕಣ್ಣು ಮಾತ್ರ ಚಿಕ್ಕವಳ ಕಡೆಗಿತ್ತು. ನಾನು ಕಾಸಿನ ಗಂಟನ್ನು ಕಿತ್ತುಕೊಂಡ ಹಾಗೇ ತೆಗೆದುಕೊಂಡು ಹಿತ್ತಿಲಿಗೆ ನಡೆದೆ.

ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು, ಬೆಳ್ಳಿಗೆ ವಿಭೂತಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಚೊಂಬಿಗಿಂತ ಒಂದು ಕೈ ಹೆಚ್ಚೇ ಹೊಳೆಯಬೇಕಲ್ಲ. ಕಬ್ಬಿಣದ ಬಾಣಲೆಗೆ ಹುಣಸೆಹುಳಿ, ಉಪ್ಪು ಸುರಿದು, ಆರನ್ನೂ ಒಟ್ಟಿಗೆ ಹಾಕಿ ಕುದಿಸಿದೆ. ತಾಮ್ರದ ಕಾಸು ಈಗ ತಾನೇ ಅಚ್ಚು ಹಾಕಿದಂತೆ ಬಂದವು. ಬೆಳ್ಳಿಯದನ್ನು ಹುಡುಕಿದರೆ ಸಿಗಲೊಲ್ಲದು. ಬಾಣಲೆಯಲ್ಲಿದ್ದ ಆರೂ ಕೆಂಪಗಿದ್ದವು.

ಅತ್ತೆ ತವರಿನಿಂದ ತಂದು ಉಳಿಸಿಕೊಂಡಿದ್ದ ಒಂದೇ ವಸ್ತು ಅದು. ಅಚ್ಚು ನೋಡಿ ಅದನ್ನು ಹೆಕ್ಕಿ ಸೆರಗಿನಲ್ಲಿ ಮುಚ್ಚಿಡುವಷ್ಟರಲ್ಲಿ ವಾರಗಿತ್ತಿ ಬಂದೇ ಬಂದಳು. ಬಾಣಲೆ ನೋಡಿದಳು, ನನ್ನ ಮುಖ ನೋಡಿದಳು.

"ತಾಮ್ರದ ಬಣ್ಣ ಮೆತ್ಕಂಡದೆ ಕಣಕ್ಕ, ಮೇಲ್ಮೇಲೆ ಅಷ್ಟೆ. ಕೊಡಿ ಇಲ್ಲಿ" ಅಂದಳು.

ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ವಿಭೂತಿ ಹಾಕಿ ಹೆಬ್ಬೆರಳಲ್ಲಿ ತಿಕ್ಕಿದಳು. ನಾನು ಕೊಡು ಅಂದರೂ ಕೊಡಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನಾಣ್ಯ ಬೆಳ್ಳಗಾಯಿತು. ಒರೆಸಿ ನನ್ನ ಅಂಗೈಗಿಟ್ಟು, ಸೊಪ್ಪು ಸೋಸಲು ಹೋದಳು.

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. "ನಮ್ಮವ್ವ ಕೊಟ್ಟಾಗ ಇಂಗೇ ಇತ್ತು. ಯಾರು ಬೆಳಗ್ದೋರು?"

ಅವಳು ಅಲ್ಲೇ ಇದ್ದಳು. ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ನಾನೇ ಅತ್ತೆ" ಅಂದೆ.

"ಅಂಗಾರೆ ಕಳಸ ನೀನೇ ಕೂರ್ಸವ್ವ. ಈ ವರ್ಸ ಅಂತಲ್ಲ, ಯಾವಾಗ್ಲೂವೆ."

ಹಬ್ಬದ ಸಂಜೆ, ಕಳಶ ಕೂರಿಸಿದವಳು ನಾನಾದ್ದರಿಂದ ಮುತ್ತೈದೆಯರ ಕೈಗೆ ಅರಿಶಿನ ಹಚ್ಚುವವಳೂ ನಾನೇ. ಕೊನೆಗೆ ವಾರಗಿತ್ತಿ ಕೈ ಚಾಚಿದಳು. ಹೆಬ್ಬೆರಳಿನ ಚರ್ಮ ಸುಲಿದು ಕೆಂಪಗಿತ್ತು. ಅರಿಶಿನ ತಗುಲಿದ್ದೇ ಅವಳು ಚಟಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಏನಾಯ್ತವ್ವ ಬೆರಳ್ಗೆ?" ಅಂದರು ಅತ್ತೆ.

ಈಗಲಾದರೂ ಹೇಳಿಬಿಡೋಣ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ತೆಂಗಿನ್ಕಾಯಿ ತುರೀವಾಗ ತರಚ್ತು ಅತ್ತೆ" ಅಂದಳು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಸುಳ್ಳನ್ನು ಕೂಡ ನನಗಿಂತ ಚೆನ್ನಾಗಿ ಅವಳೇ ಹೇಳಿದಳಲ್ಲ ಅಂತ ಹೊಟ್ಟೆ ಉರಿದುಹೋಯಿತು.

ಕಳಶ ಈಗಲೂ ನಾನೇ ಕೂರಿಸುತ್ತೇನೆ.