ಶಾತಾಮಾಂ ಛೋ?

ನವರಂಗಪುರದ ಬಾಡಿಗೆ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಇದ್ದ ಕಾಲ. ಬೂದಿ ಬುಧವಾರದ ಸಂಜೆ ಹಣೆಗೆ ಬೂದಿಯ ಶಿಲುಬೆ ಹಚ್ಚಿಸಿಕೊಂಡು ಚರ್ಚಿನಿಂದ ಬಂದಾಗ ಎದುರು ಮನೆಯ ಗುಜರಾತಿ ಜೈನ ಅಜ್ಜಿ, ಎಲ್ಲರೂ 'ಬಾ' ಎಂದು ಕರೆಯುತ್ತಿದ್ದವರು, ಹಣೆಯ ಮೇಲೆ ಅದೇನು ಎಂದು ಹಿಂದಿಯಲ್ಲಿ ಕೇಳಿದರು. ನಲವತ್ತು ದಿನ ಏನಾದರೊಂದನ್ನು ಬಿಡುವ ನಮ್ಮ ತಪಸ್ಸುಕಾಲವನ್ನು ಇದ್ದ ಹಾಗೇ ಹಿಂದಿಗೆ ದಾಟಿಸಿ, "ತಪಸ್ಯಾ ಶುರುವಾಗಿದೆ" ಎಂದುಬಿಟ್ಟೆ. ಅವರಲ್ಲಿ ತಪಸ್ಯಾ ಎಂದರೆ ಬರೀ ಕಾಯಿಸಿದ ನೀರು ಕುಡಿದುಕೊಂಡು ಇರುವುದು. ಬಾ ನನಗೆ ಕೈಮುಗಿದರು.

ಮರುದಿನದಿಂದ ಸಂಜೆಯಾದರೆ ನನ್ನ ಬಾಗಿಲಲ್ಲಿ ಅವರ ಬಿಳಿ ಸೀರೆ. "ಶಾತಾಮಾಂ ಛೋ?" ನೆಮ್ಮದಿಯಾಗಿದ್ದೀರಾ ಎಂದು. ಉಪವಾಸವಿದ್ದವರನ್ನು ಅವರು ವಿಚಾರಿಸಿಕೊಳ್ಳುವ ರೀತಿ ಅದು. ಮೊಮ್ಮಗಳ ವಯಸ್ಸಿನ ನನಗೂ ಬಹುವಚನ. ನಾನು ಬಿಟ್ಟಿದ್ದೋ ಮಾಂಸ ಮಾತ್ರ. ಮೊಟ್ಟೆ ಒಡೆಯುವುದಕ್ಕೂ ಬಿಡದ ಆ ಕಟ್ಟಡದಲ್ಲಿ ಅದೇನು ಮಹಾ ತ್ಯಾಗ!

ಆದರೂ ಆ ಪ್ರಶ್ನೆ ಕಿವಿಗೆ ಬಿದ್ದೊಡನೆ, ಬಿಸಿಲಲ್ಲಿ ಅಲೆದ ಇಡೀ ದಿನದ ಕೆಸರು ನನ್ನೊಳಗೆ ನಿಧಾನವಾಗಿ ತಳಕ್ಕಿಳಿದು ನೀರು ತಿಳಿಯಾಗುತ್ತಿತ್ತು. ಆಫೀಸಿನಲ್ಲಿ ಯಾರ ಮೇಲೆ ರೇಗಿದೆ, ಎಸ್‌ಟಿಡಿ ಬೂತಿನಿಂದ ಅಮ್ಮನ ಹತ್ತಿರ ಯಾಕಷ್ಟು ಚುಟುಕಾಗಿ ಮಾತಾಡಿದೆ, ಎಲ್ಲವೂ ಕಾಣುತ್ತಿತ್ತು. ಪಾಪನಿವೇದನೆಗೆಂದು ಮೊಣಕಾಲೂರಿದಾಗಲೂ ಅಷ್ಟು ಕಂಡಿರಲಿಲ್ಲ.

ಒಂದು ಸಂಜೆ ತಡೆಯಲಾರದೆ ಹೇಳಿಬಿಟ್ಟೆ: "ಬಾ, ನಾನು ಎರಡು ಹೊತ್ತೂ ಹೊಟ್ಟೆ ತುಂಬ ತಿನ್ನುತ್ತಿದ್ದೇನೆ."

ಬಾ ನಕ್ಕರು. "ಊಟದ ಮಾತು ನಾನೆಲ್ಲಿ ಕೇಳಿದೆ, ಬೇಟಾ?" ಎಂದವರೇ, ಬಾಗಿಲ ಚೌಕಟ್ಟಿಗೆ ಒರಗಿ, ಮೊದಲ ಸಲ ಕೇಳುವವರಂತೆ ಕೇಳಿದರು: "ಶಾತಾಮಾಂ ಛೋ?"