ಸಹರಿಗೆ ಎಬ್ಬಿಸದ ದಿನ

ಎರಡನೇ ಪಿಯುಸಿ ಮುಗಿಸಿ ಸಿಇಟಿಗೆ ಓದುತ್ತಿದ್ದ ಆ ಬೇಸಿಗೆಯಲ್ಲಿ, ನನಗೆ ಬುದ್ಧಿ ಹೇಳದವರು ಹೊಸನಗರದಲ್ಲಿ ಯಾರೂ ಉಳಿದಿರಲಿಲ್ಲ. ಕೋಚಿಂಗ್ ಇದ್ದದ್ದು ಸಾಗರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲು. ಅದೇ ವರ್ಷ ನನಗೆ ನಮಾಜಿನ ರುಚಿ ಹತ್ತಿತ್ತು. ಯಾರ ಒತ್ತಾಯವೂ ಇರಲಿಲ್ಲ. ಬೆಳಗಿನ ಜಾವದ ಫಜರ್ ಮುಗಿಸಿ ಕುರಾನ್ ತೆರೆದು ಕೂತರೆ ಪರೀಕ್ಷೆಯ ಭಯ ಇಳಿಯುತ್ತಿತ್ತು, ಅಷ್ಟೇ. ಆ ರಂಜಾನಿನ ಉಪವಾಸದಲ್ಲಿ ಇಡಬಹುದಾದ ಒಂದು ರೋಜಾವನ್ನೂ ಬಿಡುವುದಿಲ್ಲ ಎಂದು ಹಟ ತೊಟ್ಟೆ.

ಗೂಡ್ಸ್ ಆಟೋ ಓಡಿಸುತ್ತಿದ್ದ ಅಬ್ಬಾಗೆ ಬೇರೆಯೇ ಹಟ. "ಮೊದ್ಲು ಫಾರ್ಮಸಿ ಸೀಟು ತಗಾ. ಆಮೇಲೆ ಜೀವಮಾನ ಪೂರ್ತಿ ರೋಜಾ ಇಡು, ಯಾರು ಬೇಡ ಅಂತಾರೆ?"

ಅರಬಿ ಕಲಿಸುತ್ತಿದ್ದ ಪಕ್ಕದ ಮನೆ ಖಾಲಾ, "ಓದಿನ ಗಡಿಬಿಡೀಲಿ ಅಲ್ಲಾನ್ನ ಮರೀಬೇಡ ಮಗಳೇ" ಎನ್ನುತ್ತಿದ್ದರು. ಇಬ್ಬರಿಗೂ ತಲೆಯಾಡಿಸಿ ನನ್ನ ಕತ್ತು ನೋಯುತ್ತಿತ್ತು.

ಬೆಳಕು ಹರಿಯುವ ಮುಂಚಿನ ಸಹರಿ ಊಟಕ್ಕೆ ಅಮ್ಮಿ ಕೂಗಿ ಎಬ್ಬಿಸುತ್ತಿರಲಿಲ್ಲ. ಅಡುಗೆಮನೆಯಿಂದ ಬಂದು ಒದ್ದೆ ಕೈಯನ್ನು ಕೆನ್ನೆಗೆ ಇಡುತ್ತಿದ್ದಳು. ಮಾದರಿ ಪರೀಕ್ಷೆಯ ದಿನ ಆ ಕೈ ಬರಲಿಲ್ಲ. ಕಣ್ಣು ಬಿಟ್ಟರೆ ಬೆಳಕು ಹರಿದಿದೆ, ಸಹರಿಯ ತಟ್ಟೆಗಳು ತೊಳೆದು ಬೋರಲು ಬಿದ್ದಿವೆ. ಫಜರೂ ತಪ್ಪಿತ್ತು.

"ಯಾಕೆ ಎಬ್ಬಿಸ್ಲಿಲ್ಲ?"

"ಟೆಸ್ಟ್ ಇದೆ, ಮಲಗ್ಲಿ ಅಂದ್ರು ನಿನ್ನ ಅಬ್ಬಾ" ಎಂದು ಅಮ್ಮಿ ಅಕ್ಕಿರೊಟ್ಟಿ ಮುಂದಿಟ್ಟಳು. ತಟ್ಟೆ ತಳ್ಳಿ, ಹಾಗೇ ರೋಜಾ ಹಿಡಿದು ಬಸ್ಸು ಹತ್ತಿದೆ.

ಮಧ್ಯಾಹ್ನ ಪರೀಕ್ಷೆಯ ಹೊತ್ತಿಗೆ ನಾಲಿಗೆ ಒಣಗಿತ್ತು. ಪಕ್ಕದ ಹೋಟೆಲಿನಿಂದ ಈರುಳ್ಳಿ ಬಜೆಯ ವಾಸನೆ. ಭೌತಶಾಸ್ತ್ರದ ಪ್ರಶ್ನೆಯನ್ನು ಕೊನೆಯ ತನಕ ಓದುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತಿತ್ತು. ಅರ್ಧ ಪತ್ರಿಕೆ ಖಾಲಿ ಬಿಟ್ಟು ಎದ್ದೆ. ಅಬ್ಬಾ ಹೇಳಿದ್ದೇ ಸರಿಯಾಯಿತಲ್ಲ ಎಂಬ ಉರಿ ಬೇರೆ.

ವಾಪಸು ಬರುವಾಗ ಬಸ್ಸು ಬಟ್ಟೆಮಲ್ಲಪ್ಪ ಎಂಬ ಊರು ದಾಟುತ್ತಿದ್ದಂತೆ ಹೊತ್ತು ಮುಳುಗಿ ಮಗ್ರಿಬ್ ಆಯಿತು. ರೋಜಾ ಬಿಡಲು ನೀರಾದರೂ ಇದೆಯೇ ಎಂದು ಚೀಲಕ್ಕೆ ಕೈ ಹಾಕಿದರೆ, ಬಾಟಲಿಯ ಪಕ್ಕ ಖರ್ಜೂರದ ಪೊಟ್ಟಣ. ನಾನು ಉಪವಾಸ ಹೋಗುತ್ತೇನೆಂದು ಅಮ್ಮಿಗೆ ಮೊದಲೇ ಗೊತ್ತಿತ್ತು! ಖರ್ಜೂರ ತಿನ್ನುತ್ತಾ ಸಿಟ್ಟಿಗೆ ಅತ್ತುಬಿಟ್ಟೆ. ಮನೆಗೆ ಕಾಲಿಟ್ಟವಳೇ ಕೇಳಿದೆ, "ಗೊತ್ತಿದ್ರೆ ಎಬ್ಬಿಸೋಕೆ ಏನಾಗಿತ್ತು?"

"ನಿನ್ನ ಅಬ್ಬಾನ ಮಾತೂ ನಡೀಬೇಕು, ನಿನ್ನ ಹಟಾನೂ ನಡೀಬೇಕು. ನಾನೆಂತ ಮಾಡ್ಲಿ ಹೇಳು?" ಎಂದು ಅಮ್ಮಿ ಗಂಜಿ ಬಡಿಸಿದಳು. ನಾನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಸೀಟು ಸಿಕ್ಕಿತು. ಈಗ ತೀರ್ಥಹಳ್ಳಿಯ ಔಷಧಿ ಅಂಗಡಿಯೊಂದರಲ್ಲಿದ್ದೇನೆ. ಅಬ್ಬಾ ಹೇಳಿದ ಜೀವಮಾನ ಇದೇ ಇರಬೇಕು. ರೋಜಾ ಬೇಡ ಎನ್ನುವವರಿಲ್ಲ, ಇಫ್ತಾರಿಗೆ ಮಾಲೀಕರೇ ಬೇಗ ಕಳಿಸುತ್ತಾರೆ. ಅಮ್ಮಿ ತೀರಿಕೊಂಡ ಮೇಲೆ ಸಹರಿಗೆ ಎಬ್ಬಿಸುವುದು ಮೊಬೈಲು. ಅದು ಯಾರ ಮಾತೂ ಕೇಳದೆ, ಒಂದು ದಿನವೂ ತಪ್ಪದೆ ಕೂಗುತ್ತದೆ. ಅದನ್ನು ಆರಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿಯೇ ಇರುತ್ತೇನೆ. ಕೆನ್ನೆ ಒಣಗಿಯೇ ಇರುತ್ತದೆ. ಆಮೇಲೆ ಸಿಟ್ಟಿನಲ್ಲೇ ಎದ್ದು ದೀಪ ಹಾಕುತ್ತೇನೆ.