ನಾಲ್ಕು ಗಾಲಿಯ ಸ್ಕೂಟರಿನಲ್ಲಿ ರಾಮದುರ್ಗಕ್ಕೆ

ಕಿತ್ತೂರು ಬಿಟ್ಟಾಗ ಬಿಸಿಲು ಇನ್ನೂ ಕೋಟೆಯ ಗೋಡೆಗೆ ಬಿದ್ದಿರಲಿಲ್ಲ. ದೀಪಾವಳಿ ಮುಗಿದು ಚಳಿ ಶುರುವಾಗಿತ್ತು. ಅಣ್ಣನ ಹಳೆಯ ಜರ್ಕಿನ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಸುತ್ತಿ ಮೇಲೆ ಹೆಲ್ಮೆಟ್ ಏರಿಸಿ, ಎರಡೂ ಊರುಗೋಲುಗಳನ್ನು ಸ್ಕೂಟರಿನ ಬದಿಗೆ ರಬ್ಬರ್ ಪಟ್ಟಿಯಿಂದ ಬಿಗಿದಿದ್ದೆ. ಅಣ್ಣನ ಹೆಂಡತಿ, ನನ್ನ ವೈನಿ, ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಕಾಲ ಹತ್ತಿರದ ಚೀಲದಲ್ಲಿದ್ದವು. ಅಣ್ಣ ಶ್ರೀಧರ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಪ್ರಯತ್ನಿಸಿದ.

"ಈಗರ ಕೇಳು, ವಸೂ. ಒಂದ್ ಕಾರ್ ಮಾಡಿಕೊಡ್ತೇನಿ. ರಾಮದುರ್ಗ ಅಂದ್ರ ನೂರು ಕಿಲೋಮೀಟರಿನ ಮ್ಯಾಲೆ ಅದ."

"ಕಾರಿನಾಗ ಹೋದ್ರ ನಾ ಅಕಿಗೆ ಹೇಳಬೇಕಾದ್ದು ಹೇಳ್ಲಿಕ್ಕೆ ಬರಂಗಿಲ್ಲ" ಎಂದು ಗಾಡಿ ಚಾಲೂ ಮಾಡಿದೆ.

ಅಕಿ ಅಂದರೆ ಹಸೀನಾ. ರಾಮದುರ್ಗದಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ನನ್ನಂತೆಯೇ ಎಳವೆಯಲ್ಲಿ ಪೋಲಿಯೊ ಬಂದು ಎರಡೂ ಕಾಲು ಸೋತವಳು. ಹತ್ತು ವರ್ಷ ಒಂದೇ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿದೆವು. ಆಮೇಲೆ ನಾನು ಕಿತ್ತೂರಿನಲ್ಲಿ ಝೆರಾಕ್ಸ್ ಅಂಗಡಿ ಹಾಕಿದೆ, ಅವಳು ಹೊಲಿಗೆ ಹಿಡಿದಳು. ಭಾನುವಾರ ಬಂತೆಂದರೆ ಫೋನು ತಪ್ಪುತ್ತಿರಲಿಲ್ಲ. ಹೋದ ವರ್ಷ ಒಂದು ಭಾನುವಾರ ನಾನು, ನನ್ನ ಭುಜ ಕೈಕೊಟ್ಟಿವೆ, ಈಗ ಅಂಗಡಿಯಲ್ಲಿ ಗಾಲಿಕುರ್ಚಿ ಇಟ್ಟುಕೊಂಡಿದ್ದೇನೆ ಎಂದು ಹೇಳಿದೆ. ಹಸೀನಾ, "ಕಡೀಕ ಕುಂತ ಬಿಟ್ಟೀ ಅನ್ನು" ಎಂದು ಫೋನ್ ಇಟ್ಟಳು. ಮತ್ತೆ ಎತ್ತಲೇ ಇಲ್ಲ.

ಈ ಸಲ ಫೋನ್ ಬಂದದ್ದು ಅವಳ ತಮ್ಮ ರಫೀಕನಿಂದ. ಬಚ್ಚಲಲ್ಲಿ ಬಿದ್ದಳಂತೆ. ಎಲುಬು ಮುರಿದಿಲ್ಲ, ಆದರೆ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಹಾಕಿಕೊಂಡು ನಿಲ್ಲುವ ಶಕ್ತಿ ಹೋಗಿದೆ. ಮಳೆಗಾಲದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಅಂಗಡಿಗೆ ಕೀಲಿ ಬಿದ್ದಿದೆ. "ಅಂಗಡಿ ಬಾಡಿಗಿ ಕೊಟ್ಟ ಬಿಡು ಅನ್ನಾಕ ಹತ್ಯಾಳ್ರೀ ಅಕ್ಕಾ. ನಮ್ಮ ಮಾತು ಕೇಳೂದಿಲ್ಲ. ನೀವರ ಬರ್ರಿ" ಎಂದ. ಆ ಮಾತು ಮುಗಿಯುವುದರೊಳಗೆ ನಾನು ಹೊರಡುವುದು ನಿಶ್ಚಯವಾಗಿತ್ತು.

ಬೈಲಹೊಂಗಲದವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಹೋಗಬೇಕಾಯಿತು. ಅವುಗಳನ್ನು ದಾಟುವುದು ನನ್ನಂಥ ಗಾಡಿಗೆ ಸುಲಭವಲ್ಲ. ಹಿಂದಿನ ಗಾಲಿಯ ಎರಡೂ ಕಡೆ ಒಂದೊಂದು ಗಾಲಿ ಕೂಡಿಸಿದ್ದರಿಂದ ಅದು ರಸ್ತೆಯಲ್ಲಿ ಆಟೋದಷ್ಟು ಜಾಗ ಕೇಳುತ್ತದೆ. ಹೊಲಗಳಲ್ಲಿ ಕಡಲೆ ಮೊಳಕೆಯೊಡೆದಿತ್ತು, ಜೋಳ ಮೊಣಕಾಲುದ್ದ ಬೆಳೆದಿತ್ತು. ಊರ ಹೊರಗಿನ ಬಂಕಿನಲ್ಲಿ ಮುನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಒಂದು ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಇಳಿಯಲಿಲ್ಲ. ಅಂಗಡಿಯಾತ ಗ್ಲಾಸನ್ನು ಗಾಡಿಯ ಬಳಿಗೇ ತಂದುಕೊಟ್ಟ. ಅರ್ಧವೇ ಕುಡಿದೆ. ಹೊರಗೆ ಹೊರಟ ದಿನ ನಾವು ನೀರು, ಚಹಾ ಎಲ್ಲ ಅಳೆದೇ ಕುಡಿಯುತ್ತೇವೆ; ಮುಂದೆ ಎಲ್ಲಿ ಇಳಿಯಬಹುದು, ಎಲ್ಲಿ ಮೆಟ್ಟಿಲಿಲ್ಲದ ಬಚ್ಚಲು ಸಿಗುತ್ತದೆ ಎಂಬುದು ಗೊತ್ತಿರುವುದಿಲ್ಲ.

ಈ ಊರಿಗೆ ನಾನು ಮೊದಲು ಬಂದದ್ದು ಅಪ್ಪನ ಹೆಗಲ ಮೇಲೆ. ಪೂಜೆ ಮಾಡಿ, ಪಂಚಾಂಗ ಹೇಳಿ ಮನೆ ನಡೆಸುತ್ತಿದ್ದ ಅಪ್ಪ, ಯಾರೋ ಕಾಲಿಗೆ ಎಣ್ಣೆ ಕೊಡುತ್ತಾರೆಂದು ಕೇಳಿ ಕರೆತಂದಿದ್ದರು. ಎಣ್ಣೆ ತಿಕ್ಕಿ ತಿಕ್ಕಿ ಅವ್ವನ ಕೈ ನೊಂದವು, ಕಾಲು ಹಾಗೇ ಉಳಿದವು. ಮನೆಯೊಳಗೆ ನಾನು ಕೈಯೂರಿ ತೆವಳುತ್ತಿದ್ದೆ. ಅಂಗೈ ಸವೆಯಬಾರದೆಂದು ಅಪ್ಪ ತಮ್ಮ ಹಳೆಯ ಚಪ್ಪಲಿ ಕತ್ತರಿಸಿ ಕೈಗೆ ಕಟ್ಟಿಕೊಟ್ಟರು. ನನ್ನ ಮೊದಲ ಸಲಕರಣೆ ಅದು. ಶಾಲೆಗೆ ಸೇರುವಾಗ ಬಡಿಗೇರರು ಜಾಲಿಯ ಕಟ್ಟಿಗೆಯಲ್ಲಿ ಊರುಗೋಲು ಮಾಡಿದರು, ಅವ್ವ ಕಂಕುಳಿಗೆ ನೋಯಬಾರದೆಂದು ಹಳೆಯ ಸೀರೆಯ ಚಿಂದಿ ಸುತ್ತಿದಳು.

ಬೈಲಹೊಂಗಲ ದಾಟಿದ ಮೇಲೆ ರಸ್ತೆ ತೆರವಾಯಿತು. ಎರೆಮಣ್ಣಿನ ಹೊಲಗಳು, ದೂರದಲ್ಲಿ ಹತ್ತಿ ಬಿಡಿಸುವ ಹೆಂಗಸರು. ಸವದತ್ತಿ ಇನ್ನೇನು ಹತ್ತಿರವೆನ್ನುವಾಗ ಎಡಗಡೆಯ ಗಾಲಿ ಕಟಕಟ ಸದ್ದು ಮಾಡತೊಡಗಿತು. ಒಂದು ಸ್ಪೀಡ್ ಬ್ರೇಕರ್ ಹತ್ತಿ ಇಳಿದಾಗ ಗಾಡಿ ಇಡಿಯಾಗಿ ವಾಲಿತು. ನಡೆದುಹೋಗುವ ವೇಗದಲ್ಲಿ ಊರೊಳಗೆ ಬಂದು, ವೆಲ್ಡಿಂಗ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ದೇವಿಯ ಗುಡ್ಡಕ್ಕೆ ಹೊರಟ ಭಕ್ತರ ಟ್ರ್ಯಾಕ್ಟರುಗಳು ಅರಿಶಿನದ ಭಂಡಾರ ಹಾರಿಸುತ್ತ ಹಾಯುತ್ತಿದ್ದವು.

ಮಿಸ್ತ್ರಿ ಬಗ್ಗಿ ನೋಡಿ, "ಗಾಲಿ ಹಿಡದ ಪಟ್ಟಿ ಸೀಳೇತ್ರೀ ಬಾಯಾರ. ಎಲ್ಲಿಗೆ ಹೊಂಟೀರಿ?" ಎಂದ.

"ರಾಮದುರ್ಗಕ್ಕ."

"ಗಾಡಿ ಇಲ್ಲೇ ಬಿಡ್ರಿ. ಬಸ್ಸಿಗೆ ಹತ್ತಿಸಿ ಕೊಡತೇನಿ. ಬರೂ ಮುಂದ ಒಯ್ಯಾಕ ಬರತೈತಿ."

"ಬಸ್ಸಿನ ಮೆಟ್ಟಿಲು ನನ್ನ ಸೊಂಟದಷ್ಟ ಎತ್ತರ ಅವ. ಹತ್ತಿಸೋವ್ರು ಸಿಗ್ತಾರ, ಇಳಿಸೋವ್ರು ಬೇಕಲ್ಲ? ನೀವು ವೆಲ್ಡ್ ಮಾಡ್ರಿ. ಎಷ್ಟ ಹೊತ್ತಾದ್ರೂ ಕೂಡ್ತೇನಿ."

ಅವನು ನನಗೆ ಒಂದು ಸ್ಟೂಲ್ ಕೊಟ್ಟು ಕೆಲಸಕ್ಕೆ ಕೂತ. ಅಷ್ಟರಲ್ಲಿ ಬಚ್ಚಲು ಹುಡುಕುವುದು ಅನಿವಾರ್ಯವಾಯಿತು. ಪಕ್ಕದ ಖಾನಾವಳಿಗೆ ಗಾಲಿಕುರ್ಚಿ ಹತ್ತುವಂಥ ಚೆಂದದ ಇಳಿಜಾರು ಕಟ್ಟಿಸಿದ್ದರು. ಅದರ ತುಂಬ ಮೋಟರ್ ಸೈಕಲ್ ನಿಂತಿದ್ದವು. ನಾನು ಕ್ಯಾಲಿಪರ್ ಕಟ್ಟಿದ ಕಾಲಲ್ಲಿ ಊರುಗೋಲೂರಿಕೊಂಡು ಅದರ ಬುಡದಲ್ಲಿ ನಿಂತು, "ಇವು ಯಾರವ? ತೆಗೀರಿ" ಎಂದು ಕೂಗಿದೆ. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದು ಬಂದರು. ಒಬ್ಬೊಬ್ಬರಾಗಿ ಗಾಡಿ ತೆಗೆದರು. ಮೊದಲಾಗಿದ್ದರೆ ನಾಚಿಕೊಂಡು ಸುಮ್ಮನೆ ಹಿಂದಿರುಗುತ್ತಿದ್ದೆ. ಐವತ್ತು ದಾಟಿದ ಮೇಲೆ ಆ ನಾಚಿಕೆಯನ್ನು ಬಿಟ್ಟಿದ್ದೇನೆ.

ವೆಲ್ಡಿಂಗ್ ಮುಗಿಯುವವರೆಗೆ ರೊಟ್ಟಿ ತಿಂದೆ. ಹಾಸ್ಟೆಲಿಗೆ ಸೇರಿದ ಮೊದಲ ದಿನಗಳು ಕಣ್ಣ ಮುಂದೆ ಬಂದವು. ಅಲ್ಲಿ ನಮಗೆ ಕ್ಯಾಲಿಪರ್ ಹಾಕಿದರು: ತೊಡೆಯಿಂದ ಹಿಮ್ಮಡದವರೆಗೆ ಎರಡು ಕಬ್ಬಿಣದ ಸರಳು, ಚರ್ಮದ ಪಟ್ಟಿ, ತಳಕ್ಕೆ ಮಣಭಾರದ ಬೂಟು. ಮೊಣಕಾಲಿನ ಲಾಕ್ ಕಟಕ್ಕೆಂದು ಬಿದ್ದರೆ ಕಾಲು ಕಂಬದಂತೆ ನಿಲ್ಲುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನೆಟ್ಟಗೆ ಎದ್ದು ನಿಂತು ಕಿಟಕಿಯಾಚೆ ನೋಡಿದಾಗ ನಾನೂ ಹಸೀನಾಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕಿದ್ದೆವು, ನಗುತ್ತಲೇ ಬಿದ್ದಿದ್ದೆವು. ವ್ಯಾಯಾಮ ಕಲಿಸುವ ಬಾಯಾರು ಕಟ್ಟುನಿಟ್ಟಿನವರು. "ನಿಂತವ್ರು ಮುಂದ ಹೋಗ್ತೀರಿ, ಕುಂತವ್ರು ಇಲ್ಲೇ ಉಳೀತೀರಿ" ಎನ್ನುತ್ತಿದ್ದರು. ಗೌರವ್ವ ಎಂಬ ಹುಡುಗಿಗೆ ಬೆನ್ನೂ ಸೋತಿತ್ತು, ಎಷ್ಟು ಮಾಡಿದರೂ ನಿಲ್ಲಲಾಗಲಿಲ್ಲ. ಹಾಸ್ಟೆಲಿನ ಒಂದೇ ಒಂದು ಗಾಲಿಕುರ್ಚಿ ಅವಳಿಗೆ ಬಂತು. ದೊಡ್ಡವರು ಯಾರಾದರೂ ಭೇಟಿಗೆ ಬಂದ ದಿನ ನಾವು ಸಾಲಾಗಿ ನಿಲ್ಲುತ್ತಿದ್ದೆವು. ಗೌರವ್ವನ ಕುರ್ಚಿಯನ್ನು ಅಡುಗೆಮನೆಯ ಹಿಂದೆ ದೂಡಿ ಇಡುತ್ತಿದ್ದರು. ಹಸೀನಾ ಅದನ್ನು ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ.

ಸವದತ್ತಿ ಬಿಟ್ಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಬೆಸುಗೆ ಗಟ್ಟಿಯಾಗಿ ನಿಂತಿತ್ತು. ಮುಂದಿನ ದಾರಿ ಉದ್ದವೆನಿಸಿತು. ತೋಳು ಸೆಳೆಯುತ್ತಿದ್ದವು, ಎರಡು ಕಡೆ ಮರದ ನೆರಳಿನಲ್ಲಿ ನಿಂತೆ. ಊಟದ ಹೊತ್ತು ಮೀರಿ ಎಷ್ಟೋ ಆದ ಮೇಲೆ ಮಲಪ್ರಭೆಯ ಸೇತುವೆ ಕಂಡಿತು. ರಫೀಕ ಓಣಿಯ ತುದಿಯಲ್ಲೇ ಕಾಯುತ್ತಿದ್ದ. ಮಗ್ಗಗಳ ಖಟಖಟದ ನಡುವೆ ಅವರ ಮನೆ.

ಹಸೀನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಯಾರ ಕರಕೊಂಡ ಬಂದ್ರು ನಿನ್ನ?" ಎಂದಳು, ತಿರುಗದೆಯೇ.

"ಯಾರೂ ಇಲ್ಲ. ಸ್ಕೂಟರ್ ಮ್ಯಾಲೆ ಬಂದೇನಿ."

"ಕಿತ್ತೂರಿನಿಂದ? ಸುಳ್ಳ ಹೇಳಬ್ಯಾಡ."

"ಹೊರಗ ನಿಂತದ. ಬಂದು ನೋಡು."

ಆಗ ತಿರುಗಿದಳು. ಮುಖ ಸೊರಗಿತ್ತು, ಕಣ್ಣು ಮಾತ್ರ ಅವೇ. "ಬರಾಕ ಆಗಿದ್ರ ಹಿಂಗ್ಯಾಕ ಬಿದ್ದಿರತಿದ್ದೆ?" ಎಂದಳು. ಮಂಚದ ಕೆಳಗೆ ಹಾಸಿಗೆಯ ಚಾದರು ಮುಚ್ಚಿದ ಏನೋ ಇತ್ತು. ಎಳೆದು ನೋಡಿದರೆ ಮಡಚಿದ ಗಾಲಿಕುರ್ಚಿ. ರಫೀಕ ತಂದದ್ದು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

"ಮುಚ್ಚ ಅದನ್ನ" ಎಂದು ಹಸೀನಾ ಕೂಗಿದಳು. "ಅದರಾಗ ಕುಂತ ದಿನ ನಾ ಮುಗದೆ. ಗೌರವ್ವನ್ನ ಎಲ್ಲಿ ಇಡತಿದ್ರು, ನೆನಪೈತಿಲ್ಲೋ?"

"ನೆನಪದ. ಅಕಿನ್ನ ಹಿಂದ ಇಟ್ಟದ್ದು ಕುರ್ಚಿ ಅಲ್ಲ, ಹಸೀನಾ. ಮಂದಿ. ನಾವೂ ಸುಮ್ನ ನಿಂತು ನೋಡಿದ್ವಿ."

ಅವಳು ಮತ್ತೆ ಗೋಡೆಗೆ ತಿರುಗಿದಳು. ರಫೀಕನ ಹೆಂಡತಿ ಶಬಾನಾ ಊಟಕ್ಕೆ ಕರೆದಳು. ಬಿಸಿ ಅನ್ನ, ಬೇಳೆ, ಬದನೆಕಾಯಿ ಪಲ್ಯ. ಹಸೀನಾ ಹಾಸಿಗೆಯಲ್ಲೇ ಎರಡು ತುತ್ತು ತಿಂದಳು. ರಾತ್ರಿ ಪಕ್ಕದಲ್ಲೇ ನನಗೂ ಹಾಸಿದ್ದರು. ಅಂದು ನಾನು ಕುರ್ಚಿಯ ಮಾತು ಮತ್ತೆ ತೆಗೆಯಲಿಲ್ಲ. ಅವಳ ಹಟ ನನಗೆ ಗೊತ್ತಿತ್ತು. ಅದೇ ಹಟದಿಂದ ಅವಳು ನಲವತ್ತು ವರ್ಷ ನಿಂತಿದ್ದಳು.

ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಾಗ ಅವಳು ಎದ್ದು ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಹೊಸಿಲಾಚೆ ಸ್ಕೂಟರಿನ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಬ್ರೇಕ್ ಕಾಲಾಗ ಐತೋ, ಕೈಯಾಗ ಐತೋ?" ಎಂದಳು.

"ಎಲ್ಲಾ ಕೈಯಾಗ."

"ಗೇರ್?"

"ಇಲ್ಲ. ಹ್ಯಾಂಡಲಿನ ಕಿವಿ ತಿರುವಿದ್ರ ಮುಂದ, ಬಿಟ್ರ ನಿಲ್ತದ."

ಹೊಲಿಗೆ ಮಷೀನನ್ನು ಬಿಚ್ಚಿ ಜೋಡಿಸುವವಳು ಅವಳು. ಯಂತ್ರವೆಂದರೆ ಕೈ ಸುಮ್ಮನಿರುವುದಿಲ್ಲ. ಕ್ಯಾಲಿಪರ್ ಕೊಡು ಎಂದಳು. ಪಟ್ಟಿ ಬಿಗಿದು, ಮಂಚ ಹಿಡಿದು ಏಳಲು ನೋಡಿದಳು. ತೋಳು ಭಾರ ತಡೆಯದೆ ಕೂತುಬಿಟ್ಟಳು. ಮತ್ತೊಮ್ಮೆ ನೋಡಿದಳು. ಹಣೆಯ ಮೇಲೆ ಬೆವರು ಮೂಡಿತು. ನಾನು ಹೋಗಿ ಹಿಡಿಯಲಿಲ್ಲ; ಹಿಡಿದಿದ್ದರೆ ಬೈಯುತ್ತಿದ್ದಳು. ಕೊನೆಗೆ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಕ್ಯಾಲಿಪರುಗಳನ್ನು ಜೋಪಾನವಾಗಿ ಗೋಡೆಗೆ ಆನಿಸಿ ಇಟ್ಟಳು.

"ತೆಗಿ ಅದನ್ನ" ಎಂದಳು. "ಬಾಗಿಲತನಕ ಅಷ್ಟ."

ರಫೀಕ ಓಡಿ ಬಂದ. ಪ್ಲಾಸ್ಟಿಕ್ ಹರಿದು ಕುರ್ಚಿ ಬಿಚ್ಚಿದೆವು. ಮಂಚದಿಂದ ಕುರ್ಚಿಗೆ ಜಾರಿದಳು, ಕುರ್ಚಿಯಿಂದ ಸ್ಕೂಟರಿನ ಸೀಟಿಗೆ. ನಾನು ಹಿಂದೆ ಕೂತೆ. ಮೊದಲು ಗಾಡಿ ಗಕ್ಕನೆ ನೆಗೆದು ಎದುರುಮನೆಯವರ ಬಕೆಟ್ ಉರುಳಿಸಿತು. ಮಗ್ಗದ ಮನೆಯವರು ಹೊರಗೆ ಬಂದು ನಿಂತರು. "ಸರೀರಿ, ಸರೀರಿ" ಎಂದು ಹಸೀನಾ ಕೂಗುತ್ತ ಓಣಿ ದಾಟಿದಳು. ಹೊಳೆಯ ದಂಡೆಯ ಖಾಲಿ ರಸ್ತೆಯಲ್ಲಿ ಹೋದಳು, ತಿರುಗಿಸಿದಳು, ಮತ್ತೆ ಹೋದಳು. ನಾನು ಹಿಂದಿನಿಂದ "ಮೆಲ್ಲಕ, ಮೆಲ್ಲಕ" ಎನ್ನುತ್ತಿದ್ದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ನೀರಿನ ಹತ್ತಿರ ಗಾಡಿ ನಿಲ್ಲಿಸಿದಳು. ಬೆನ್ನು ಅಲುಗುತ್ತಿದ್ದುದರಿಂದ ಅಳುತ್ತಿದ್ದಾಳೆಂದು ತಿಳಿಯಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಿನಗ ಕುರ್ಚ್ಯಾಗ ಕುಂತ ಮ್ಯಾಲ ತೋಳಿನ ಬ್ಯಾನಿ ಕಮ್ಮಿ ಆತೇನ?" ಎಂದು ಕೇಳಿದಳು.

"ಆತು. ಸಂಜೀಗೂ ಕೆಲಸ ಮಾಡೂ ಶಕ್ತಿ ಉಳೀತದ."

"ಮದಿವಿ ಮುಂಜಿವಿ ಇದ್ರ ನಾ ಕ್ಯಾಲಿಪರ್ ಹಾಕ್ಕೊಂಡ ಹೋಗಾಕಿ. ಬಿದ್ರೂ ಚಿಂತಿಲ್ಲ."

"ಹೋಗು. ಯಾರು ಬ್ಯಾಡ ಅಂದ್ರು?"

ಮನೆಗೆ ಹೋಗುತ್ತಾಳೆಂದುಕೊಂಡೆ. ಅವಳು ಪೇಟೆಯ ಕಡೆ ತಿರುಗಿಸಿ ತನ್ನ ಅಂಗಡಿಯ ಮುಂದೆ ನಿಲ್ಲಿಸಿದಳು. ರಫೀಕನಿಗೆ ಫೋನ್ ಮಾಡಿ, ಕೀಲಿಕೈ ತಾ, ಕುರ್ಚಿನೂ ತಾ ಎಂದಳು. ಶಟರ್ ಎತ್ತಿದಾಗ ಒಳಗಿನಿಂದ ಮುಗ್ಗಲು ವಾಸನೆ ಬಂತು. ಅರ್ಧ ಹೊಲಿದ ಕುಪ್ಪಸಗಳು ಮೊಳೆಯಲ್ಲಿ ಹಾಗೇ ತೂಗುತ್ತಿದ್ದವು. ನಡುವೆ ಬಟ್ಟೆ ಕತ್ತರಿಸುವ ಸಾಗವಾನಿ ಟೇಬಲ್. ಕ್ಯಾಲಿಪರ್ ಹಾಕಿ ನಿಂತವಳ ಎತ್ತರಕ್ಕೆ ಅವಳ ಅಪ್ಪ ಮಾಡಿಸಿದ್ದು ಅದು; ಕುರ್ಚಿಯಲ್ಲಿ ಕೂತವಳಿಗೆ ಅದು ಗದ್ದಕ್ಕೆ ಬರುತ್ತಿತ್ತು. ಹಸೀನಾ ಅದರ ಮೇಲಿನ ಧೂಳನ್ನು ಕೈಯಿಂದ ಸರಿಸಿ ಕ್ಷಣಹೊತ್ತು ನೋಡಿದಳು. ಮತ್ತೆ ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದುಕೊಂಡು, ಟೇಪಿನಿಂದ ತನ್ನ ತೊಡೆಯ ಎತ್ತರ ಅಳೆದು, ಟೇಬಲ್ಲಿನ ನಾಲ್ಕೂ ಕಾಲಿಗೆ ಗೆರೆ ಎಳೆದಳು.

"ಕರಪತ್ತಿ ತಾ" ಎಂದಳು ತಮ್ಮನಿಗೆ.

ನನಗೆ ಹೊತ್ತಾಗಿತ್ತು, ಕತ್ತಲಾಗುವ ಮೊದಲು ಕಿತ್ತೂರು ಮುಟ್ಟಬೇಕಿತ್ತು. ಶಬಾನಾ ಬುತ್ತಿ ತಂದು ಚೀಲಕ್ಕೆ ಹಾಕಿದಳು. ಹಸೀನಾ ಹೊರಗೆ ಬಂದು ಬೀಳ್ಕೊಡಲಿಲ್ಲ, "ಐತವಾರ ಫೋನ್ ಮಾಡ" ಎಂದು ಒಳಗಿನಿಂದಲೇ ಕೂಗಿದಳು. ಗಾಡಿ ಚಾಲೂ ಮಾಡಿ ಒಮ್ಮೆ ಹೊರಳಿ ನೋಡಿದೆ. ರಫೀಕ ಗರಗಸ ಹಿಡಿದು ಟೇಬಲ್ಲಿನ ಬುಡದಲ್ಲಿ ಕೂತಿದ್ದ.

"ಅಬ್ಬಾ ಮಾಡಿಸಿದ್ದೈತಿ ಆಪಾ. ಒಮ್ಮೆ ಕೊಯ್ದ್ರ ಮತ್ತ ಜೋಡಸಾಕ ಬರೂದಿಲ್ಲ. ನೋಡ ಮತ್ತ" ಎನ್ನುತ್ತಿದ್ದ.

ಹಸೀನಾ ಕುರ್ಚಿಯ ಬ್ರೇಕ್ ಹಾಕಿ, ಎರಡೂ ಕೈಯಿಂದ ಟೇಬಲ್ಲನ್ನು ಅಲುಗದಂತೆ ಒತ್ತಿ ಹಿಡಿದಳು.

"ಕೊಯ್ಯಿ" ಎಂದಳು.